ಲಸಿಕೆ ಯಾರ ತೋಳಿಗೆ ತಲುಪಿತು: ಮಂಗನ ಕಾಯಿಲೆ ಮತ್ತು ಕಾರಣದ ಲೆಕ್ಕ

ಲಸಿಕೆಯೊಂದು ರೋಗವನ್ನು ತಡೆಯುತ್ತದೆಯೇ ಎಂದು ತಿಳಿಯಲು ಲಸಿಕೆ ಹಾಕಿಸಿಕೊಂಡವರಲ್ಲಿ ಎಷ್ಟು ಮಂದಿಗೆ ರೋಗ ಬಂತು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಮಂದಿಗೆ ಬಂತು ಎಂದು ಎಣಿಸಿ ಹೋಲಿಸಿದರೆ ಸಾಕೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಆ ಎರಡು ಗುಂಪುಗಳು ತಾವಾಗಿಯೇ ಏರ್ಪಟ್ಟವಲ್ಲ. ಯಾವುದೋ ನಿಯಮದ ಪ್ರಕಾರ ಒಂದು ಊರು ಆಯ್ಕೆಯಾಗಿರುತ್ತದೆ, ಪಕ್ಕದ ಊರು ಬಿಟ್ಟುಹೋಗಿರುತ್ತದೆ. ಒಬ್ಬರು ಶಿಬಿರಕ್ಕೆ ಬಂದಿರುತ್ತಾರೆ, ಇನ್ನೊಬ್ಬರು ದಿನಗೂಲಿ ಬಿಟ್ಟು ಬರಲಾಗದೆ ಉಳಿದಿರುತ್ತಾರೆ. ಮೊದಲ ಸೂಜಿಯ ನೋವು ಕಂಡವರು ಎರಡನೆಯದರ ಹೊತ್ತಿಗೆ ಮನೆಯಲ್ಲಿ ಸಿಗದೆ ಹೋಗಿರುತ್ತಾರೆ. ಈ ಹಂಚಿಕೆ ಹೇಗೆ ನಡೆಯಿತು ಎಂಬುದು ತಿಳಿಯದಿದ್ದರೆ ಎಣಿಕೆ ಎಷ್ಟೇ ನಿಖರವಾಗಿದ್ದರೂ ಅದರಿಂದ ಕಾರಣ ಹೊರಬೀಳುವುದಿಲ್ಲ. ಜೀವಿಗಳ ಮತ್ತು ರೋಗಗಳ ಕುರಿತ ಅಂಕಿಗಳನ್ನು ಕಲೆಹಾಕಿ, ಅವುಗಳಲ್ಲಿರುವ ಅನಿಶ್ಚಿತತೆಯನ್ನು ಅಳೆದು ಅರ್ಥೈಸುವ ಶಾಸ್ತ್ರ ಜೈವಿಕ ಸಂಖ್ಯಾಶಾಸ್ತ್ರ. ಅದರೊಳಗೆ, ಎರಡು ಸಂಗತಿಗಳು ಒಟ್ಟಿಗೆ ಕಾಣಿಸುತ್ತವೆ ಎಂಬುದರಿಂದ ಒಂದು ಇನ್ನೊಂದನ್ನು ಉಂಟುಮಾಡುತ್ತದೆ ಎಂಬ ತೀರ್ಮಾನಕ್ಕೆ ಯಾವಾಗ, ಯಾವ ಷರತ್ತುಗಳ ಮೇಲೆ ಹೋಗಬಹುದು ಎಂದು ವಿಚಾರಿಸುವ ಶಾಖೆಯನ್ನು ಕಾರ್ಯಕಾರಣ ನಿರ್ಣಯ ಎನ್ನಬಹುದು. ಈ ಶಾಖೆಯ ಬಹುಪಾಲು ಕಠಿಣ ಪ್ರಶ್ನೆಗಳು ಉತ್ತರ ಕನ್ನಡ ಜಿಲ್ಲೆಯ ಒಂದೇ ರೋಗದ ಚರಿತ್ರೆಯಲ್ಲಿ ಎದುರಾಗುತ್ತವೆ. ಆ ರೋಗ ಮಂಗನ ಕಾಯಿಲೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳೂ ಮುಸುವಗಳೂ ಸಾಲುಸಾಲಾಗಿ ಸತ್ತುಬಿದ್ದು, ಅದೇ ವೇಳೆಗೆ ಹಳ್ಳಿಗರಲ್ಲಿ ತೀವ್ರ ಜ್ವರ, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ ಕಾಣಿಸಿಕೊಂಡಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದಕ್ಕೆ ಕಾರಣವಾದ ಹೊಸ ವೈರಸ್ಸನ್ನು ಗುರುತಿಸಿದರು. ಇಂದು ಆ ಕೇಂದ್ರವೇ ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿದೆ. ವೈರಸ್ ಹರಡುವುದು ಉಣ್ಣಿಯಿಂದ, ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿಯ ಉಣ್ಣಿಯ ಮರಿಗಳಿಂದ. ಮಳೆಗಾಲ ಮುಗಿದ ಮೇಲೆ ಈ ಮರಿಗಳು ಒಣಗಿದ ಎಲೆಯ ಹಾಸಿನಲ್ಲಿ ಹೆಚ್ಚುವುದರಿಂದ ರೋಗದ ಹಂಗಾಮು ಸಾಧಾರಣವಾಗಿ ನವೆಂಬರಿನಿಂದ ಮೇವರೆಗೆ ಇರುತ್ತದೆ. ಅದೇ ತಿಂಗಳುಗಳಲ್ಲಿ ಘಟ್ಟದ ಜನ ದರಕು ಗುಡಿಸಲು, ಸೊಪ್ಪು ಕಡಿಯಲು, ಕಟ್ಟಿಗೆ ತರಲು, ದನ ಮೇಯಿಸಲು ಕಾಡಿಗೆ ಹೋಗುತ್ತಾರೆ. ರೋಗ ತಗಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಮೊದಲ ಒಂದೆರಡು ದಶಕ ಶಿವಮೊಗ್ಗದ ಕೆಲವು ತಾಲೂಕುಗಳಿಗೆ ಸೀಮಿತವಾಗಿದ್ದ ಈ ರೋಗ 1970ರ ದಶಕದಿಂದೀಚೆಗೆ ಉತ್ತರ ಕನ್ನಡಕ್ಕೂ ದಾಟಿತು. ಸಿದ್ದಾಪುರ, ಹೊನ್ನಾವರ ತಾಲೂಕುಗಳ ಆರೋಗ್ಯ ಸಿಬ್ಬಂದಿಗೆ ಅದು ವರ್ಷವರ್ಷದ ಚಿಂತೆಯಾಗಿದೆ.

ಲಸಿಕೆಯ ಪ್ರಯತ್ನ ರೋಗದಷ್ಟೇ ಹಳೆಯದು. ಹೊಸ ವೈರಸ್ಸು ರಷ್ಯಾದ ವಸಂತ-ಗ್ರೀಷ್ಮ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಬಂಧುವೆಂದು ಕಂಡುಬಂದುದರಿಂದ ಆ ರೋಗದ ಲಸಿಕೆಯನ್ನೇ ಮೊದಲು ಇಲ್ಲಿ ಪ್ರಯೋಗಿಸಲಾಯಿತು. 1962ರಲ್ಲಿ ಪ್ರಕಟವಾದ ಫಲಿತಾಂಶ ಅದರಿಂದ ರಕ್ಷಣೆ ಸಿಗಲಿಲ್ಲವೆಂದು ತಿಳಿಸಿತು. ಅನಂತರ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಬಳಸಿ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು, ಮತ್ತು ಅದರ ತಯಾರಿಕೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ನಡೆಯಿತು. ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಕ್ಷೇತ್ರ ಅಧ್ಯಯನದ ಪ್ರಕಾರ ಒಂದು ಡೋಸಿನಿಂದ ಶೇ. 79.3, ಎರಡು ಡೋಸಿನಿಂದ ಶೇ. 93.5 ರಕ್ಷಣೆ ದೊರೆತಿತ್ತು. ಆದರೆ 2005ರಿಂದ 2010ರವರೆಗಿನ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡು ಡೋಸಿನ ಪರಿಣಾಮಕಾರಿತ್ವ ಶೇ. 62.4ಕ್ಕೆ ಇಳಿದಿತ್ತು; ಎರಡು ಡೋಸಿನ ಮೇಲೆ ಬೂಸ್ಟರ್ ಪಡೆದವರಲ್ಲಿ ಮಾತ್ರ ಅದು ಶೇ. 82.9 ಇತ್ತು. ಪರಿಣಾಮಕಾರಿತ್ವ ಶೇ. 62.4 ಎಂದರೆ, ಲಸಿಕೆಯಿಲ್ಲದೆ ನೂರು ಮಂದಿಗೆ ರೋಗ ಬರುವ ಸನ್ನಿವೇಶದಲ್ಲಿ ಲಸಿಕೆಯಿಂದ ಸುಮಾರು 62 ಮಂದಿಗೆ ಅದು ತಪ್ಪುತ್ತದೆ ಎಂದರ್ಥ. ಆ ಅಂಕಿಯ ಜೊತೆಗೆ ಅಧ್ಯಯನಕಾರರು ಕೊಟ್ಟ ವಿಶ್ವಾಸಾಂತರ, ಅಂದರೆ ಆಕಸ್ಮಿಕ ಏರಿಳಿತವನ್ನು ಲೆಕ್ಕಕ್ಕೆ ಹಿಡಿದಾಗ ನಿಜವಾದ ಬೆಲೆ ಇರಬಹುದಾದ ಹರವು, 26.1ರಿಂದ 80.8ರವರೆಗೆ ಚಾಚಿಕೊಂಡಿತ್ತು. ರೋಗಿಗಳ ಸಂಖ್ಯೆ ಕಡಿಮೆಯಿದ್ದಾಗ ಈ ಹರವು ಅಗಲವಾಗುವುದು ಸಹಜ.

ಎರಡು ಅಧ್ಯಯನಗಳ ನಡುವಿನ ಈ ಅಂತರಕ್ಕೆ ಲಸಿಕೆಯ ಶಕ್ತಿ ಕುಂದಿದ್ದು ಕಾರಣವಿರಬಹುದು, ಅಥವಾ ಹೋಲಿಕೆಗೆ ಒಳಗಾದ ಜನರೇ ಬೇರೆ ಬಗೆಯವರಾಗಿದ್ದಿರಬಹುದು. ಎರಡನೆಯ ಸಾಧ್ಯತೆಗೆ ವೈದ್ಯಲೋಕದಲ್ಲೂ ಪತ್ರಿಕೆಗಳಲ್ಲೂ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಕಾರಣವೆಂದರೇನೆಂಬುದಕ್ಕೆ ಈ ಶಾಸ್ತ್ರ ಕೊಡುವ ವ್ಯಾಖ್ಯೆ ಸರಳ. ಸಿದ್ದಾಪುರದ ಕಡೆಯ ಒಬ್ಬ ಹೆಂಗಸು ಡಿಸೆಂಬರಿನಲ್ಲಿ ಲಸಿಕೆ ಪಡೆದು ಮಾರ್ಚಿನಲ್ಲಿ ಆರೋಗ್ಯವಾಗಿದ್ದಾಳೆ ಎಂದಿಟ್ಟುಕೊಂಡರೆ, ಲಸಿಕೆಯ ಪರಿಣಾಮವೆಂದರೆ ಅವಳ ಈ ಸ್ಥಿತಿಗೂ, ಅದೇ ಹೆಂಗಸು ಅದೇ ಹಂಗಾಮಿನಲ್ಲಿ ಲಸಿಕೆ ಪಡೆಯದೆ ಇದ್ದಿದ್ದರೆ ಇರುತ್ತಿದ್ದ ಸ್ಥಿತಿಗೂ ನಡುವಿನ ವ್ಯತ್ಯಾಸ. ಎರಡನೆಯದು ನಡೆಯದೇ ಹೋದ ಸಂಗತಿಯಾದ್ದರಿಂದ ಅದನ್ನು ಯಾರೂ ನೋಡಲಾರರು. ಪೋಲೆಂಡಿನ ಯೆರ್ಜಿ ನೇಮನ್ 1923ರಲ್ಲಿ ಕೃಷಿ ಪ್ರಯೋಗಗಳ ಸಂದರ್ಭದಲ್ಲಿ ರೂಪಿಸಿದ, ಅಮೆರಿಕದ ಡೊನಾಲ್ಡ್ ರೂಬಿನ್ 1974ರಿಂದ ಎಲ್ಲ ಬಗೆಯ ಅಧ್ಯಯನಗಳಿಗೂ ವಿಸ್ತರಿಸಿದ ಈ ಚಿಂತನೆಯಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಎರಡು ಸಂಭಾವ್ಯ ಫಲಗಳಿರುತ್ತವೆ. ಒಂದು ಮಾತ್ರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಕಾಣದ ಫಲದ ಜಾಗದಲ್ಲಿ ಬೇರೆ ಯಾರದ್ದಾದರೂ ಕಂಡ ಫಲವನ್ನು ಇಡಬೇಕಾಗುತ್ತದೆ, ಮತ್ತು ಹಾಗೆ ಇಡಲು ಯಾರು ಯೋಗ್ಯರು ಎಂಬುದರಲ್ಲೇ ಶಾಸ್ತ್ರದ ತಿರುಳಿದೆ.

ಯೋಗ್ಯರಲ್ಲದವರನ್ನು ಇಟ್ಟರೆ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಒಂದು ಪ್ರದೇಶದಲ್ಲಿ 5,000 ಜನರಿದ್ದು, ಅವರಲ್ಲಿ 1,000 ಮಂದಿ ದಿನವೂ ಕಾಡಿಗೆ ಹೋಗುವವರು, 4,000 ಮಂದಿ ಅಪರೂಪಕ್ಕೆ ಹೋಗುವವರು ಎಂದಿರಲಿ. ಅಪಾಯದ ಅರಿವಿರುವ ಕಾಡಿನ ಕೆಲಸಗಾರರಲ್ಲಿ 800 ಮಂದಿ ಲಸಿಕೆ ಪಡೆದಿದ್ದಾರೆ, ಉಳಿದವರಲ್ಲೂ 800 ಮಂದಿ ಪಡೆದಿದ್ದಾರೆ. ಲಸಿಕೆ ಎರಡೂ ಗುಂಪುಗಳಲ್ಲಿ ಅಪಾಯವನ್ನು ಸರಿಯಾಗಿ ಅರ್ಧಕ್ಕೆ ಇಳಿಸುತ್ತದೆ ಎಂದೂ, ಕಾಡಿಗೆ ಹೋಗುವವರ ಅಪಾಯ ಲಸಿಕೆಯಿಲ್ಲದೆ ಶೇ. 4, ಇತರರದು ಶೇ. 0.5 ಎಂದೂ ಭಾವಿಸಿದರೆ, ಕಾಡಿಗೆ ಹೋಗುವವರಲ್ಲಿ ಲಸಿಕೆ ಪಡೆದ 16 ಮಂದಿಗೆ, ಪಡೆಯದ 8 ಮಂದಿಗೆ ರೋಗ ಬರುತ್ತದೆ. ಉಳಿದವರಲ್ಲಿ ಲಸಿಕೆ ಪಡೆದ 2 ಮಂದಿಗೆ, ಪಡೆಯದ 16 ಮಂದಿಗೆ ಬರುತ್ತದೆ. ಈಗ ಕಾಡಿನ ಸಂಗತಿಯನ್ನು ಮರೆತು ಒಟ್ಟು ಕೂಡಿಸಿದರೆ ಲಸಿಕೆ ಪಡೆದ 1,600 ಮಂದಿಯಲ್ಲಿ 18 ರೋಗಿಗಳು, ಅಂದರೆ ಶೇ. 1.1, ಪಡೆಯದ 3,400 ಮಂದಿಯಲ್ಲಿ 24 ರೋಗಿಗಳು, ಅಂದರೆ ಶೇ. 0.7. ಅಪಾಯವನ್ನು ಅರ್ಧಕ್ಕೆ ಇಳಿಸುವ ಲಸಿಕೆ ಅಪಾಯವನ್ನು ಒಂದೂವರೆ ಪಟ್ಟಿಗಿಂತಲೂ ಹೆಚ್ಚು ಮಾಡುವಂತೆ ತೋರುತ್ತದೆ. ಇಲ್ಲಿ ಕಾಡಿನ ಒಡನಾಟವು ಲಸಿಕೆ ಪಡೆಯುವುದರ ಮೇಲೂ ರೋಗ ಬರುವುದರ ಮೇಲೂ ಪ್ರಭಾವ ಬೀರಿ ಎರಡರ ನಡುವಿನ ನಿಜವಾದ ಸಂಬಂಧವನ್ನು ಕದಡಿದೆ. ಇಂಥದ್ದನ್ನು ಗೊಂದಲಕಾರಿ ಅಂಶ ಎನ್ನುತ್ತಾರೆ. ಕಾಡಿಗೆ ಹೋಗುವವರನ್ನೂ ಹೋಗದವರನ್ನೂ ಪ್ರತ್ಯೇಕವಾಗಿ ಹೋಲಿಸಿ, ಅನಂತರ ಇಡೀ ಜನಸಂಖ್ಯೆಯ ತೂಕಕ್ಕೆ ಸರಿಯಾಗಿ ಕೂಡಿಸಿದರೆ, ಎಲ್ಲರೂ ಲಸಿಕೆ ಪಡೆದಿದ್ದರೆ 30, ಯಾರೂ ಪಡೆಯದಿದ್ದರೆ 60 ರೋಗಿಗಳು ಎಂಬ ಸರಿಯಾದ ಉತ್ತರ ಮರಳಿ ಬರುತ್ತದೆ. ಪ್ರಮಾಣೀಕರಣ ಎಂಬ ಈ ವಿಧಾನಕ್ಕೆ ಕಷ್ಟದ ಗಣಿತವೇನೂ ಬೇಡ. ಬೇಕಾದದ್ದು, ಯಾರು ಕಾಡಿಗೆ ಹೋಗುತ್ತಾರೆ ಎಂಬುದು ಎಲ್ಲೋ ಬರೆದಿಡಲ್ಪಟ್ಟಿರುವುದು. ಲಸಿಕೆಯ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಲಿಂಗ, ಊರು, ಡೋಸಿನ ದಿನಾಂಕ ಇರುತ್ತಿದ್ದವು. ಕಾಡಿನ ಕಾಲಮ್ಮು ಇರುತ್ತಿರಲಿಲ್ಲ.

ಗೊಂದಲ ಎದುರು ದಿಕ್ಕಿನಿಂದಲೂ ಬರಬಲ್ಲದು. ಎರಡು ಡೋಸನ್ನೂ ಬೂಸ್ಟರನ್ನೂ ತಪ್ಪದೆ ಹಾಕಿಸಿಕೊಳ್ಳುವವರು ಆರೋಗ್ಯ ಕೇಂದ್ರದ ಹತ್ತಿರವಿರುವವರು, ಆಶಾ ಕಾರ್ಯಕರ್ತೆಯ ಮಾತಿಗೆ ಕಿವಿಗೊಡುವವರು, ಕಾಡಿಗೆ ಹೋಗುವ ಮೊದಲು ಉಣ್ಣಿ ನಿವಾರಕ ಡೇಪಾ ಎಣ್ಣೆ ಸವರಿಕೊಳ್ಳುವವರು, ಮರಳಿ ಬಂದ ಮೇಲೆ ಬಿಸಿನೀರಿನಲ್ಲಿ ಮೈತೊಳೆದು ಬಟ್ಟೆ ಬದಲಿಸುವವರು ಆಗಿರುವ ಸಾಧ್ಯತೆ ಹೆಚ್ಚು. ಅಂಥವರಿಗೆ ರೋಗ ಕಡಿಮೆ ಬಂದರೆ ಅದರ ಶ್ರೇಯಸ್ಸು ಪೂರ್ತಿ ಲಸಿಕೆಗೆ ಸಲ್ಲಲಾರದು. ಗೊಂದಲದ ದಿಕ್ಕನ್ನು ಊಹೆಯಿಂದ ನಿಶ್ಚಯಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ 1954ರಲ್ಲಿ ಅಮೆರಿಕದಲ್ಲಿ ನಡೆದ ಸಾಲ್ಕ್ ಪೋಲಿಯೊ ಲಸಿಕೆಯ ಪರೀಕ್ಷೆ ಸಾಕ್ಷಿಯಾಗಿದೆ. ಪೋಷಕರು ಒಪ್ಪಿಗೆ ಕೊಟ್ಟ ಮಕ್ಕಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಯಾರ ಇಷ್ಟಕ್ಕೂ ಒಳಪಡದ ರೀತಿಯಲ್ಲಿ ಎರಡಾಗಿ ವಿಂಗಡಿಸಿ, ಒಂದು ಗುಂಪಿಗೆ ಲಸಿಕೆಯನ್ನೂ ಇನ್ನೊಂದಕ್ಕೆ ಬರಿಯ ದ್ರಾವಣವನ್ನೂ ಕೊಟ್ಟಾಗ, ಲಕ್ಷ ಮಕ್ಕಳಿಗೆ ಪೋಲಿಯೊ ಕ್ರಮವಾಗಿ 28 ಮತ್ತು 71ರಂತೆ ಬಂತು. ಒಪ್ಪಿಗೆ ಕೊಡದೆ ಹೊರಗುಳಿದ ಮಕ್ಕಳಲ್ಲಿ ಅದು 46 ಮಾತ್ರ. ಲಸಿಕೆಯಿಲ್ಲದವರೆಂಬುದು ಎರಡೂ ಗುಂಪಿಗೆ ಸಮಾನವಾಗಿದ್ದರೂ, ಒಪ್ಪಿದವರಿಗಿಂತ ಒಪ್ಪದವರಿಗೆ ಅಪಾಯ ಬಹಳ ಕಡಿಮೆಯಿತ್ತು. ಒಪ್ಪದ ಪೋಷಕರಲ್ಲಿ ಬಡವರು ಹೆಚ್ಚಿದ್ದುದು, ಬಡತನದಲ್ಲಿ ಬೆಳೆಯುವ ಮಕ್ಕಳು ತಾಯಿಯಿಂದ ಬಂದ ರಕ್ಷಣೆ ಮೈಯಲ್ಲಿರುವಾಗಲೇ ಸೌಮ್ಯ ಸೋಂಕಿಗೆ ಒಳಗಾಗಿ ರೋಧಶಕ್ತಿ ಗಳಿಸಿರುತ್ತಿದ್ದುದು ಇದಕ್ಕೆ ಕೊಡಲಾಗುವ ವಿವರಣೆ. ಒಪ್ಪದವರನ್ನೇ ಹೋಲಿಕೆಗೆ ಬಳಸಿದ್ದಿದ್ದರೆ ಲಸಿಕೆಯ ಪರಿಣಾಮ ಶೇ. 60ರ ಬದಲು ಸುಮಾರು ಶೇ. 40 ಎಂದು ಕಾಣುತ್ತಿತ್ತು.

ಮಂಗನ ಕಾಯಿಲೆಯ ಲಸಿಕೆ ಚೀಟಿ ಎತ್ತಿ ಹಂಚಿಕೆಯಾದದ್ದಲ್ಲ. ಮಂಗ ಸತ್ತ ಅಥವಾ ಮನುಷ್ಯರಿಗೆ ರೋಗ ತಗಲಿದ ಜಾಗದ ಸುತ್ತ 5 ಕಿಲೋಮೀಟರಿನೊಳಗಿನ ಊರುಗಳಲ್ಲಿ, 6ರಿಂದ 65 ವರ್ಷದವರಿಗೆ, ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರು, ಮುಂದೆ ವರ್ಷಕ್ಕೊಂದು ಬೂಸ್ಟರು ಎಂಬುದು ಆರೋಗ್ಯ ಇಲಾಖೆ ಪಾಲಿಸುತ್ತಿದ್ದ ನಿಯಮ. ಈ ನಿಯಮವೇ ಗೊಂದಲದ ಮೂಲ, ಏಕೆಂದರೆ ಲಸಿಕೆ ಹೋದದ್ದು ವೈರಸ್ ಈಗಾಗಲೇ ಇರುವ ಊರುಗಳಿಗೆ. ಆದರೆ ಜಾಗರೂಕ ಸಂಶೋಧಕರಿಗೆ ಇದೇ ನಿಯಮ ಒಂದು ಸದವಕಾಶವೂ ಹೌದು. 4.8 ಕಿಲೋಮೀಟರ್ ದೂರದ ಮಜಿರೆಗೂ 5.2 ಕಿಲೋಮೀಟರ್ ದೂರದ ಮಜಿರೆಗೂ ಕಾಡು, ಉಣ್ಣಿ, ಜನರ ಕಸುಬು ಇವುಗಳಲ್ಲಿ ಅಂಥ ವ್ಯತ್ಯಾಸವಿರಲಾರದು. ವ್ಯತ್ಯಾಸವಿರುವುದು ಲಸಿಕೆಯಲ್ಲಿ ಮಾತ್ರ. ಗಡಿಯ ಈಚೆಗೂ ಆಚೆಗೂ ಇರುವ ಜನರನ್ನು ಮಾತ್ರ ಹೋಲಿಸಿ, ಗಡಿ ದಾಟುವಲ್ಲಿ ರೋಗದ ಪ್ರಮಾಣ ಹಠಾತ್ತಾಗಿ ಜಿಗಿಯುತ್ತದೆಯೇ ಎಂದು ನೋಡುವ ಈ ಕ್ರಮವನ್ನು ಸೀಮಾಭಂಗ ವಿಶ್ಲೇಷಣೆ ಎಂದು ಕರೆಯಬಹುದು. 64 ವರ್ಷದವರನ್ನು 66 ವರ್ಷದವರ ಜೊತೆ ಹೋಲಿಸುವುದೂ ಇದೇ ಜಾತಿಯದು.

ಕಾಗದದ ಮೇಲೆ ಇದು ಸೊಗಸಾಗಿದೆ. ಆದರೆ ನಿಯಮ ಪುಸ್ತಕದಲ್ಲಿದ್ದಂತೆ ನೆಲದ ಮೇಲೆ ನಡೆಯಿತೇ ಎಂಬುದನ್ನು ದಾಖಲೆಯ ಕೋಷ್ಟಕ ಹೇಳುವುದಿಲ್ಲ. ಘಟ್ಟದ ಊರುಗಳಲ್ಲಿ ಐದು ಕಿಲೋಮೀಟರ್ ನಕ್ಷೆಯ ನೇರ ಗೆರೆಯಲ್ಲಿ ಒಂದು, ರಸ್ತೆಯ ಸುತ್ತಿನಲ್ಲಿ ಇನ್ನೊಂದು. ಹೊಳೆಯ ಆಚೆಯ ಕೇರಿ ನಕ್ಷೆಯಲ್ಲಿ ವೃತ್ತದೊಳಗಿದ್ದರೂ ಕಾಲುಸಂಕ ಇಲ್ಲದಿದ್ದರೆ ಲಸಿಕೆಯ ತಂಡ ಅಲ್ಲಿಗೆ ತಲುಪುವುದು ಕಷ್ಟ. ವೃತ್ತದ ಹೊರಗಿದ್ದರೂ ಬಸ್ಸು ನಿಲ್ಲುವ ಊರಿನವರು ಶಾಲೆಯ ಶಿಬಿರಕ್ಕೆ ಬಂದು ಹಾಕಿಸಿಕೊಂಡು ಹೋಗಬಲ್ಲರು. ಇಂಥ ಸಂಗತಿಗಳನ್ನು ಬಲ್ಲವರು ಆ ತಾಲೂಕಿನ ವೈದ್ಯಾಧಿಕಾರಿಗಳು, ಹಿರಿಯ ಆರೋಗ್ಯ ಸಹಾಯಕರು, ಪ್ರಯೋಗಾಲಯದ ತಂತ್ರಜ್ಞರು, ಆಶಾ ಕಾರ್ಯಕರ್ತೆಯರು. ಹಂಚಿಕೆಯ ರೀತಿಯನ್ನು ಅರಿಯುವುದೇ ಕಾರ್ಯಕಾರಣ ನಿರ್ಣಯದ ಮೊದಲ ಹೆಜ್ಜೆಯಾದ್ದರಿಂದ, ಅದನ್ನು ಕಣ್ಣಾರೆ ಕಂಡವರ ಅರಿವು ಈ ಶಾಸ್ತ್ರದ ಕಚ್ಚಾ ಸಾಮಗ್ರಿಯಷ್ಟೇ ಅಲ್ಲ, ಅದರ ವಾದದ ಒಂದು ಅಂಗ.

ಕಾಲದ ಲೆಕ್ಕದಲ್ಲಿ ಅಡಗಿರುವ ದೋಷವೊಂದು ಇನ್ನೂ ಸೂಕ್ಷ್ಮವಾದದ್ದು. ಬೂಸ್ಟರ್ ಪಡೆದವರೆಂಬ ಗುಂಪಿಗೆ ಸೇರಬೇಕಾದರೆ ಒಬ್ಬ ವ್ಯಕ್ತಿ ಮೊದಲ ಡೋಸಿನಿಂದ ಬೂಸ್ಟರಿನವರೆಗಿನ ಅಷ್ಟೂ ತಿಂಗಳು ರೋಗಕ್ಕೆ ತುತ್ತಾಗದೆ ಉಳಿದಿರಲೇಬೇಕು. ನಡುವೆ ರೋಗ ಬಂದವರು ತಾವಾಗಿ ಒಂದು ಡೋಸಿನ ಅಥವಾ ಎರಡು ಡೋಸಿನ ಗುಂಪಿನಲ್ಲಿ ಉಳಿದುಬಿಡುತ್ತಾರೆ. ಹಂಗಾಮಿನ ಕೊನೆಯಲ್ಲಿ ಕೂತು ಎಲ್ಲರನ್ನೂ ಅವರು ಪಡೆದ ಡೋಸುಗಳ ಪ್ರಕಾರ ವಿಂಗಡಿಸಿದರೆ ಬೂಸ್ಟರಿನ ಗುಂಪಿಗೆ ರೋಗ ಬರಲಾಗದ ಕಾಲ ಪುಕ್ಕಟೆಯಾಗಿ ಸೇರಿಕೊಂಡು ಅದು ಇರುವುದಕ್ಕಿಂತ ಹೆಚ್ಚು ಪರಿಣಾಮಕಾರಿಯಾಗಿಯೂ, ಕಡಿಮೆ ಡೋಸಿನ ಗುಂಪುಗಳು ಇರುವುದಕ್ಕಿಂತ ಕೆಟ್ಟದಾಗಿಯೂ ಕಾಣುತ್ತವೆ. ಸಂಖ್ಯಾಶಾಸ್ತ್ರಜ್ಞರು ಇದನ್ನು ಅಮರಕಾಲದ ದೋಷ ಎನ್ನುತ್ತಾರೆ. ಇದರಿಂದ ಪಾರಾಗಲು ಪ್ರತಿ ವ್ಯಕ್ತಿಯ ಕಾಲವನ್ನು ದಿನಗಳಾಗಿ ಒಡೆದು, ಆಯಾ ದಿನ ಅವರು ಯಾವ ಸ್ಥಿತಿಯಲ್ಲಿದ್ದರೋ ಆ ಗುಂಪಿಗೆ ಮಾತ್ರ ಆ ದಿನವನ್ನು ಜಮಾ ಮಾಡಬೇಕು. ಸಾಂಕ್ರಾಮಿಕ ರೋಗಶಾಸ್ತ್ರಜ್ಞರಾದ ಮಿಗೆಲ್ ಎರ್ನಾನ್ ಮತ್ತು ಜೇಮ್ಸ್ ರಾಬಿನ್ಸ್ ಪ್ರತಿಪಾದಿಸಿರುವ ಶಿಸ್ತು ಇಲ್ಲಿ ಬಹಳ ಉಪಕಾರಿ: ದಾಖಲೆಗಳನ್ನು ಮುಟ್ಟುವ ಮೊದಲು, ಚೀಟಿ ಎತ್ತಿ ನಡೆಸಬಹುದಾಗಿದ್ದ ಆದರ್ಶ ಪ್ರಯೋಗವೊಂದನ್ನು ಕಾಗದದ ಮೇಲೆ ಪೂರ್ತಿ ವಿವರಿಸಿ, ಯಾರು ಅರ್ಹರು, ಎಣಿಕೆ ಯಾವ ದಿನ ಶುರು, ಯಾವಾಗ ಮುಗಿಯುತ್ತದೆ ಎಂದು ನಿಗದಿಪಡಿಸಿ, ಆಮೇಲೆ ಲಭ್ಯ ದಾಖಲೆಗಳಿಂದ ಅದನ್ನು ಎಷ್ಟು ಹತ್ತಿರದಿಂದ ಅನುಕರಿಸಬಹುದೆಂದು ನೋಡುವುದು.

ರೋಗಿಗಳು ಪತ್ತೆಯಾಗುವ ರೀತಿಯೂ ಹಂಚಿಕೆಯಷ್ಟೇ ಮುಖ್ಯ. ಜ್ವರವೆಂದು ಆಸ್ಪತ್ರೆಗೆ ಬಂದು ರಕ್ತದ ಮಾದರಿ ಕೊಟ್ಟವರಲ್ಲಿ ಮಾತ್ರ ಮಂಗನ ಕಾಯಿಲೆ ಖಚಿತವಾಗುತ್ತದೆ; ಬರದವರು ಲೆಕ್ಕದಲ್ಲಿಲ್ಲ. ಲಸಿಕೆ ಪಡೆದವರೇ ಜ್ವರ ಬಂದ ಕೂಡಲೇ ಪರೀಕ್ಷೆಗೂ ಮುಂದಾಗುವವರಾದರೆ ಅವರ ರೋಗ ಹೆಚ್ಚು ಪತ್ತೆಯಾಗಿ ಲಸಿಕೆ ದುರ್ಬಲವೆಂದು ತೋರುತ್ತದೆ. ಇದಕ್ಕೊಂದು ಪರಿಹಾರವೆಂದರೆ ಪರೀಕ್ಷೆಗೆ ಬಂದವರೊಳಗೇ ಹೋಲಿಸುವುದು: ವೈರಸ್ ಇದೆಯೆಂದು ಕಂಡುಬಂದವರಲ್ಲೂ ಇಲ್ಲವೆಂದು ಕಂಡುಬಂದವರಲ್ಲೂ ಲಸಿಕೆ ಪಡೆದವರ ಪಾಲೆಷ್ಟು ಎಂದು ನೋಡಿದರೆ, ಇಬ್ಬರೂ ಆಸ್ಪತ್ರೆಗೆ ಬರುವ ಸ್ವಭಾವದವರೇ ಆದ್ದರಿಂದ ಆ ಮಟ್ಟಿಗೆ ಗೊಂದಲ ಕಳೆಯುತ್ತದೆ. ಆದರೆ ಪರೀಕ್ಷೆಗೆ ಬಂದವರನ್ನಷ್ಟೇ ಆರಿಸಿಕೊಳ್ಳುವುದರಿಂದ ಹೊಸ ತೊಡಕು ಹುಟ್ಟಬಹುದು. ಕಾಡಿನ ಒಡನಾಟ, ಆರೋಗ್ಯದ ಕಾಳಜಿ ಎರಡೂ ಜನರನ್ನು ಪರೀಕ್ಷೆಯ ಕಡೆಗೆ ತಳ್ಳುತ್ತವೆಂದಾದರೆ, ಊರಿನಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಆ ಎರಡು ಗುಣಗಳು ಪರೀಕ್ಷೆಗೆ ಬಂದವರ ಗುಂಪಿನೊಳಗೆ ಸಂಬಂಧವಿರುವಂತೆ ಕಾಣತೊಡಗುತ್ತವೆ. ಎರಡು ಕಾರಣಗಳು ಒಂದೇ ಪರಿಣಾಮದಲ್ಲಿ ಬಂದು ಸೇರುವ ಇಂಥ ಬಿಂದುವನ್ನು ಸಂಗಮ ಬಿಂದು ಎಂದು ಕರೆಯೋಣ. ಗೊಂದಲಕಾರಿ ಅಂಶವನ್ನು ವಿಶ್ಲೇಷಣೆಯಲ್ಲಿ ಸರಿಹೊಂದಿಸದಿದ್ದರೆ ತಪ್ಪು, ಸಂಗಮ ಬಿಂದುವನ್ನು ಸರಿಹೊಂದಿಸಿದರೆ ತಪ್ಪು. ಯಾವುದು ಯಾವುದೆಂದು ತಿಳಿಯಲು ಗಣಕವಿಜ್ಞಾನಿ ಜೂಡಿಯಾ ಪರ್ಲ್ ಬಳಕೆಗೆ ತಂದ ಬಾಣಗಳ ಚಿತ್ರ, ಅಂದರೆ ಪ್ರತಿ ಅಂಶವನ್ನೂ ಒಂದು ಚುಕ್ಕೆಯಾಗಿಟ್ಟು ಕಾರಣದಿಂದ ಪರಿಣಾಮದ ಕಡೆಗೆ ಬಾಣ ಎಳೆದ ನಕ್ಷೆ, ನೆರವಾಗುತ್ತದೆ. ಬಾಣ ಎಲ್ಲಿಂದ ಎಲ್ಲಿಗೆ ಎಂಬುದನ್ನು ಕಂಪ್ಯೂಟರು ಹೇಳಲಾರದು. ಅದನ್ನು ಹೇಳಬೇಕಾದವರು ಊರನ್ನು ಬಲ್ಲವರು.

ಕರಾವಳಿ ಮತ್ತು ಮಲೆನಾಡಿನಲ್ಲಿ ಜ್ವರದ ಕಾರಣಗಳು ಹಲವಾರಿರುವುದು ವೈದ್ಯರಿಗೆ ತಲೆನೋವಾದರೂ ಸಂಖ್ಯಾಶಾಸ್ತ್ರಕ್ಕೆ ವರವಾಗಿದೆ. ಪೊದೆಗಳ ನಡುವಿನ ಸೂಕ್ಷ್ಮ ನುಸಿಯ ಮರಿಗಳಿಂದ ಬರುವ ಸ್ಕ್ರಬ್ ಟೈಫಸ್ ಕೂಡ ಕಾಡು, ಕುರುಚಲು, ಹುಲ್ಲುಗಾವಲಿನಲ್ಲಿ ಓಡಾಡುವವರನ್ನೇ ಹೆಚ್ಚಾಗಿ ಹಿಡಿಯುತ್ತದೆ, ಆದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಬೇರೆಯೇ ರೋಗವಾದ್ದರಿಂದ ಮಂಗನ ಕಾಯಿಲೆಯ ಲಸಿಕೆ ಅದನ್ನು ತಡೆಯಲಾರದು. ಹಾಗಿದ್ದೂ ಲಸಿಕೆ ಪಡೆದವರಲ್ಲಿ ಸ್ಕ್ರಬ್ ಟೈಫಸ್ ಕಡಿಮೆಯಿರುವುದು ಕಂಡರೆ, ಲಸಿಕೆ ಪಡೆದವರು ಮೊದಲೇ ಎಚ್ಚರಿಕೆಯವರು ಎಂಬುದು ಬಯಲಾಗುತ್ತದೆ. ಹೆಚ್ಚಿರುವುದು ಕಂಡರೆ ಅವರು ಕಾಡಿಗೆ ಹೆಚ್ಚು ಹೋಗುವವರು ಎಂದು ತಿಳಿಯುತ್ತದೆ. ಪರಿಣಾಮ ಇರಲಾರದೆಂದು ಖಚಿತವಿರುವ ಕಡೆ ಪರಿಣಾಮವನ್ನು ಹುಡುಕಿ, ಹೋಲಿಕೆಯ ನ್ಯಾಯವನ್ನು ಪರೀಕ್ಷಿಸುವ ಈ ಉಪಾಯಕ್ಕೆ ಋಣ ನಿಯಂತ್ರಣ ಎನ್ನಬಹುದು. ಅದಕ್ಕೆ ಬೇಕಾದದ್ದು ಒಂದೇ ಜ್ವರದ ಮಾದರಿಯನ್ನು ಎರಡೂ ರೋಗಗಳಿಗೆ ಪರೀಕ್ಷಿಸಿ, ಎರಡೂ ಫಲಿತಾಂಶಗಳನ್ನು ಒಂದೇ ಕಡೆ ದಾಖಲಿಸುವುದು. ಇದು ಒಬ್ಬ ಅರೆಕಾಲಿಕ ಸಂಶೋಧಕ ತನ್ನ ಆಸ್ಪತ್ರೆಯಲ್ಲಿ ತರಬಹುದಾದ ಬದಲಾವಣೆ.

ಅರೆಕಾಲಿಕ ಸಂಶೋಧನೆಯೆಂದರೆ ಉದ್ಯೋಗ ಬಿಡದೆ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿ ನೋಂದಾಯಿಸಿಕೊಳ್ಳುವುದು. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ನವೆಂಬರಿನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಗಳು ಇದಕ್ಕೆ ಸ್ಪಷ್ಟವಾಗಿ ಅವಕಾಶ ಕೊಟ್ಟಿವೆ. ಅಭ್ಯರ್ಥಿಗೆ ಅಧ್ಯಯನಕ್ಕೆ ಸಾಕಷ್ಟು ಸಮಯ ಸಿಗುತ್ತದೆಂದೂ, ಅಗತ್ಯಬಿದ್ದರೆ ಕೋರ್ಸ್‌ವರ್ಕಿಗಾಗಿ ಬಿಡುಗಡೆ ಮಾಡಲಾಗುವುದೆಂದೂ ಮೇಲಧಿಕಾರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಮತ್ತು ಅವಧಿ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಪೂರ್ಣಾವಧಿಯವರಿಗೆ ಹೋಲಿಸಿ ಇವರನ್ನು ಅರ್ಧ ಸಂಶೋಧಕರೆಂದು ಕಾಣುವ ವಾಡಿಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿದೆ. ಕನಿಷ್ಠ ಈ ವಿಷಯದ ಮಟ್ಟಿಗೆ ಅದು ಅನ್ಯಾಯ. ಮೂರರಿಂದ ಆರು ವರ್ಷವೆಂದರೆ ಮಂಗನ ಕಾಯಿಲೆಯ ಮೂರರಿಂದ ಆರು ಹಂಗಾಮುಗಳು, ಮತ್ತು ಆ ಪ್ರತಿ ಹಂಗಾಮಿನಲ್ಲೂ ತಾಲೂಕಿನ ಉದ್ಯೋಗಿ ಸ್ಥಳದಲ್ಲಿರುತ್ತಾರೆ.

ಇಂಥ ಉದ್ಯೋಗಿ-ಸಂಶೋಧಕರಿಗೆ ದೊಡ್ಡ ಪೂರ್ವಜರಿದ್ದಾರೆ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ಉದ್ಯೋಗಿ ವಿಲಿಯಂ ಗಾಸೆಟ್ ತನ್ನ ಕಸುಬಿನಲ್ಲಿ ಎದುರಾದ ಸಣ್ಣ ಸಂಖ್ಯೆಯ ಮಾದರಿಗಳ ಸಮಸ್ಯೆಯನ್ನು ಹಿಡಿದುಕೊಂಡು ಲಂಡನ್ನಿನಲ್ಲಿ ಕಾರ್ಲ್ ಪಿಯರ್ಸನ್ ಅವರ ಬಳಿ ಸ್ವಲ್ಪ ಕಾಲ ಕಲಿತು, 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನದಿಂದ ಇಂದಿಗೂ ಎಲ್ಲ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಟಿ-ಪರೀಕ್ಷೆ ಹುಟ್ಟಿತು. ಕನ್ನಡ ನಾಡಿನ ಮಟ್ಟಿಗೆ ಇನ್ನೂ ಹತ್ತಿರದ ಉದಾಹರಣೆ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರದು. 1946ರಲ್ಲಿ ಅವರು ಕೇಂಬ್ರಿಜ್‌ಗೆ ಹೋದದ್ದು ವಿದ್ಯಾರ್ಥಿವೇತನದ ಮೇಲಲ್ಲ, ಅಲ್ಲಿನ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಸುಡಾನಿನ ಜೆಬೆಲ್ ಮೊಯಾದಿಂದ ಅಗೆದು ತಂದ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸುವ ಕೆಲಸದ ಮೇಲೆ. ಆ ಕೆಲಸ ಮಾಡುತ್ತಲೇ ಆರ್. ಎ. ಫಿಶರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಜೈವಿಕ ವರ್ಗೀಕರಣದ ಸಂಖ್ಯಾಶಾಸ್ತ್ರೀಯ ಸಮಸ್ಯೆಗಳ ಕುರಿತು ಪಿಎಚ್.ಡಿ. ಪಡೆದರು. ಕೆಲಸವೇ ಪ್ರಶ್ನೆಯನ್ನು ಒದಗಿಸಿತು, ಪ್ರಬಂಧ ಅದನ್ನು ಶಾಸ್ತ್ರವಾಗಿಸಿತು.

ಉತ್ತರ ಕನ್ನಡದ ಜಿಲ್ಲಾ ಕೇಂದ್ರವಾದ ಕಾರವಾರದಲ್ಲಿ ಇಂಥ ಸಂಶೋಧನೆಗೆ ಬೇಕಾದ ನೆಲಗಟ್ಟು ಇಲ್ಲವೆಂದಲ್ಲ.  ಕಾಳಿ ನದಿ ಸಮುದ್ರ ಸೇರುವಲ್ಲಿ, ಸದಾಶಿವಗಡಕ್ಕೆ ಎದುರಾಗಿ ಇರುವ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದ ಕಡಲಜೀವಶಾಸ್ತ್ರ ವಿಭಾಗವಿದ್ದರೆ, ಅದೇ ಊರಿನಲ್ಲಿ 2016ರಲ್ಲಿ ಆರಂಭವಾದ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಕಡಲಿನ ಬಳಚಿಗೂ ಕಾಡಿನ ಉಣ್ಣಿಗೂ ಸಂಬಂಧವೇನೆಂದು ಕೇಳಬಹುದು. ವಿಧಾನದ ಮಟ್ಟದಲ್ಲಿ ಅದು ಬಹಳ ಆಪ್ತವಾದದ್ದು. ಅಳಿವೆಯಲ್ಲಿ ಅಣೆಕಟ್ಟಿನದೋ ಬಂದರಿನದೋ ಕಾಮಗಾರಿಯ ಪರಿಣಾಮವನ್ನು ಅಳೆಯುವ ಕಡಲಜೀವಶಾಸ್ತ್ರಜ್ಞರು ಕಾಮಗಾರಿ ನಡೆದ ಜಾಗವನ್ನೂ ನಡೆಯದ ಅಂಥದ್ದೇ ಇನ್ನೊಂದು ಅಳಿವೆಯನ್ನೂ, ಮೊದಲೂ ಅನಂತರವೂ ಅಳೆದು, ಒಂದರಲ್ಲಾದ ಬದಲಾವಣೆಯಿಂದ ಇನ್ನೊಂದರಲ್ಲಾದ ಬದಲಾವಣೆಯನ್ನು ಕಳೆಯುತ್ತಾರೆ. ಲಸಿಕೆ ತಲುಪಿದ ಮತ್ತು ತಲುಪದ ಊರುಗಳ ಹಂಗಾಮುಗಳನ್ನು ಹೋಲಿಸುವ ಸಾಂಕ್ರಾಮಿಕ ರೋಗಶಾಸ್ತ್ರಜ್ಞರ ಲೆಕ್ಕವೂ ಇದೇ. ಕಾರವಾರ ತಾಲೂಕಿನದೇ ಆದ ಕೈಗಾ ಅಣುವಿದ್ಯುತ್ ಸ್ಥಾವರದ ಸುತ್ತಲಿನ ಜನ ಕೇಳುತ್ತ ಬಂದಿರುವ ಕ್ಯಾನ್ಸರಿನ ಪ್ರಶ್ನೆಗೂ ಸ್ಥಾವರ ಬರುವ ಮೊದಲಿನ ಅಳತೆ, ಹೋಲಿಕೆಗೆ ತಕ್ಕ ದೂರದ ಜನಸಮುದಾಯ, ವಯಸ್ಸು ಮತ್ತು ತಂಬಾಕಿನ ವಿವರ, ವಲಸೆ ಹೋದವರ ಲೆಕ್ಕ ಇವು ಬೇಕೇ ಬೇಕು. ಆ ಪ್ರಶ್ನೆ ಪ್ರತ್ಯೇಕ ಅಧ್ಯಾಯಕ್ಕೆ ತಕ್ಕದ್ದು.

ಅರೆಕಾಲಿಕ ಸಂಶೋಧಕರಿಗೆ ವಿಶೇಷವಾದ ಅಪಾಯವೂ ಒಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ತಾನೇ ನಡೆಸಿದ ಲಸಿಕಾ ಕಾರ್ಯಕ್ರಮದ ಫಲವನ್ನು ತಾನೇ ಅಳೆಯುವಾಗ ಅಳತೆ ಅರಿವಿಲ್ಲದೆಯೇ ವಾಲಬಹುದು. ಸಂಶಯಾಸ್ಪದ ಜ್ವರವೊಂದನ್ನು ರೋಗವೆಂದು ಎಣಿಸಬೇಕೇ ಬೇಡವೇ ಎಂದು ನಿರ್ಧರಿಸುವವರಿಗೆ ಆ ರೋಗಿ ಲಸಿಕೆ ಪಡೆದಿದ್ದಾರೋ ಇಲ್ಲವೋ ಎಂಬುದು ತಿಳಿಯದಂತೆ ಏರ್ಪಾಡು ಮಾಡುವುದು, ವಿಶ್ಲೇಷಣೆಯ ಯೋಜನೆಯನ್ನು ಫಲಿತಾಂಶ ನೋಡುವ ಮೊದಲೇ ಬರೆದು ಮಾರ್ಗದರ್ಶಕರ ಕೈಗೊಪ್ಪಿಸುವುದು, ಹೆಸರು ತೆಗೆದು ಸಂಕೇತ ಸಂಖ್ಯೆಯಿರುವ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡುವುದು, ಸಂಸ್ಥೆಯ ನೈತಿಕತಾ ಸಮಿತಿಯ ಒಪ್ಪಿಗೆ ಪಡೆಯುವುದು ಇವೆಲ್ಲ ಈ ಕಾರಣಕ್ಕೇ ಕಡ್ಡಾಯ. ಲೆಕ್ಕಕ್ಕೆ ಬೇಕಾದ ಆರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ದುರ್ಲಭವಾದದ್ದು ತಂತ್ರಾಂಶವಲ್ಲ, ಸಂಜೆಯ ಹೊತ್ತು ಕೂತು ಊರಿನ ಅರಿವನ್ನು ಬಾಣಗಳ ಚಿತ್ರವಾಗಿಸಲು ಜೊತೆಗೂಡುವ ಸಂಖ್ಯಾಶಾಸ್ತ್ರಜ್ಞ. ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅಧ್ಯಾಪಕರನ್ನು ಆಸ್ಪತ್ರೆಯ ದಾಖಲೆಗಳಿಗೆ ಹತ್ತಿರ ತರುವ ವ್ಯವಸ್ಥೆ ವಿಶ್ವವಿದ್ಯಾಲಯಗಳಿಂದಲೇ ಆಗಬೇಕು.

ಈ ಕೆಲಸಕ್ಕೆ ಈಗ ಅವಸರವೂ ಇದೆ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತುಹೋಗಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದಾಳತ್ವದಲ್ಲಿ ಹೊಸ ಲಸಿಕೆ ರೂಪುಗೊಳ್ಳುತ್ತಿದೆ. ರೋಗಿಗಳ ಸಂಖ್ಯೆ ವರ್ಷಕ್ಕೆ ನೂರಾರರಲ್ಲೇ ಇರುವ, ಇಂದು ಈ ಊರಲ್ಲಿ ನಾಳೆ ಆ ಊರಲ್ಲಿ ಕಾಣಿಸಿಕೊಳ್ಳುವ ರೋಗಕ್ಕೆ ದೊಡ್ಡ ಯಾದೃಚ್ಛಿಕ ಪ್ರಯೋಗ ನಡೆಸುವುದು ಕಷ್ಟ. ಆದರೆ ಹೊಸ ಲಸಿಕೆ ಎಲ್ಲ ಊರುಗಳಿಗೂ ಒಂದೇ ದಿನ ತಲುಪುವುದೂ ಅಸಾಧ್ಯ. ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ 1986ರಿಂದ ಹೆಪಟೈಟಿಸ್-ಬಿ ಲಸಿಕೆಯನ್ನು ಪರಿಚಯಿಸುವಾಗ ದೇಶಕ್ಕೆಲ್ಲ ಒಮ್ಮೆಗೇ ಕೊಡುವಷ್ಟು ಲಸಿಕೆ ಇಲ್ಲದಿದ್ದುದನ್ನೇ ಬಳಸಿಕೊಂಡು, ಲಸಿಕಾ ತಂಡಗಳು ಅದನ್ನು ಯಾವ ಕ್ರಮದಲ್ಲಿ ಆರಂಭಿಸಬೇಕೆಂಬುದನ್ನು ಯಾದೃಚ್ಛಿಕವಾಗಿ ನಿಶ್ಚಯಿಸಲಾಯಿತು. ಕೊನೆಗೆ ಯಾವ ಪ್ರದೇಶವೂ ವಂಚಿತವಾಗಲಿಲ್ಲ, ನಡುವಿನ ಕಾಲ ನ್ಯಾಯವಾದ ಹೋಲಿಕೆಯಾಗಿ ಉಳಿಯಿತು. ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ವಿನ್ಯಾಸ ಉತ್ತರ ಕನ್ನಡಕ್ಕೂ ಶಿವಮೊಗ್ಗಕ್ಕೂ ಚೆನ್ನಾಗಿ ಹೊಂದುತ್ತದೆ. ಅಪಾಯ ಹೆಚ್ಚಿರುವ ಊರುಗಳನ್ನು ಮೊದಲ ವರ್ಗದಲ್ಲಿಟ್ಟು, ಆ ವರ್ಗದೊಳಗಿನ ಸರದಿಯನ್ನು ಚೀಟಿಯಿಂದ ನಿರ್ಧರಿಸಿದರೆ ಮಾನವೀಯತೆಗೂ ಶಾಸ್ತ್ರಕ್ಕೂ ಚ್ಯುತಿಯಿಲ್ಲ. ಅದಕ್ಕಾಗಿ ನವೆಂಬರಿಗೆ ಮೊದಲೇ ಊರುಗಳ ಪಟ್ಟಿ, ಸರದಿಯ ಕ್ರಮ, ಪ್ರತಿ ಮನೆಯಲ್ಲಿ ಕಾಡಿಗೆ ಹೋಗುವವರ ವಿವರ ಸಿದ್ಧವಿರಬೇಕು, ಮತ್ತು ಸರದಿ ಎಲ್ಲಿ ತಪ್ಪಿತು, ಯಾವ ಕೇರಿಗೆ ತಂಡ ಹೋಗಲಾಗಲಿಲ್ಲ, ಏಕೆ ಹೋಗಲಾಗಲಿಲ್ಲ ಎಂಬುದನ್ನು ಅದೇ ದಿನ ಬರೆದಿಡಲು ರಿಜಿಸ್ಟರಿನಲ್ಲಿ ಒಂದು ಕಾಲಮ್ಮು ಇರಬೇಕು.